ಕುಣಿತದ ನಡಿಗೆಗೆ ಸಾಲದ ಕರೆಂಟು

ಕಾರು ಹತ್ತಿದ ಕೂಡಲೇ ನಾನು ಫ್ಯಾನಿನ ಸ್ವಿಚ್ಚು ತಿರುಗಿಸಿ ನಿಲ್ಲಿಸುತ್ತೇನೆ ಎಂದು ನೀವಿಬ್ಬರೂ ನಗುತ್ತೀರಿ. "ಸೆಕೆ ಆಗುದಿಲ್ವಾ ಅಜ್ಜಿ?" ಎಂದು ಚಿಕ್ಕವನು ಪ್ರತಿ ಸಲ ಕೇಳುತ್ತಾನೆ. ಆಗುತ್ತದೆ ಮಗಾ. ಎಲ್ಲರ ಹಾಗೆ ನನಗೂ ಬೆವರು ಬರುತ್ತದೆ. ಆದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ.

ದೇವಸ್ಥಾನಕ್ಕೆ ಅಕ್ಕಿ, ಕಾಯಿ ಕೊಂಡುಹೋದ ಹೊರೆಕಾಣಿಕೆಯ ಮೆರವಣಿಗೆಯ ದಿನದಿಂದ ಇದು ಹೀಗೆ. ಅಂದು ದೊಡ್ಡವಳು ಭಜನೆ ಕುಣಿಯುತ್ತಿದ್ದಳು, ಚಿಕ್ಕವನು ಪಿಕಪ್ ಗಾಡಿಯಲ್ಲಿ ಕುಂಬಳಕಾಯಿಯ ರಾಶಿಯ ಮೇಲೆ ಕುಳಿತಿದ್ದ. ನೀವು ಕಂಡದ್ದು ಹೊರಗಿನದು. ಕಾರಿನ ಒಳಗೆ ಆದದ್ದು ನನಗೆ ಮಾತ್ರ ಗೊತ್ತು. ಬಾಯಲ್ಲಿ ಹೇಳುವುದಕ್ಕೆ ನನಗೆ ಬರುವುದಿಲ್ಲ. ನೀವು ನಡುವೆ ಪ್ರಶ್ನೆ ಹಾಕುತ್ತೀರಿ, ನಾನು ಎಲ್ಲಿದ್ದೆ ಎಂದು ಮರೆಯುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಮನೆಯಲ್ಲಿ ನಮ್ಮ ಮಾತು ತುಳು. ಆದರೆ ನನಗೆ ಬರೆಯಲು ಬರುವುದು ಏಳನೆಯ ತರಗತಿಯ ತನಕ ಕಲಿತ ಕನ್ನಡ ಮಾತ್ರ, ಹಾಗಾಗಿ ಎಲ್ಲರ ಮಾತನ್ನೂ ಕನ್ನಡಕ್ಕೆ ತಂದಿದ್ದೇನೆ.

ನನ್ನ ಹಾಡಿನ ವಿಷಯ ಮೊದಲು ಹೇಳುತ್ತೇನೆ. ನಾನು ಹಾಡು ಕಲಿತದ್ದು ಬೀಡಿ ಸುತ್ತುತ್ತ. ಮದುವೆಗೆ ಮೊದಲು ನಮ್ಮ ಜಗಲಿಯಲ್ಲಿ ಆಚೀಚೆ ಮನೆಯ ಹೆಂಗಸರೆಲ್ಲ ಕುಳಿತು ಬೀಡಿ ಸುತ್ತುತ್ತಿದ್ದೆವು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ ಮತ್ತು ಹೊಗೆಸೊಪ್ಪು, ಎಲ್ಲರ ತಲೆ ಕೆಳಗೆ. ಯಾರಾದರೂ ಒಬ್ಬರು ಭಜನೆ ಶುರು ಮಾಡುತ್ತಿದ್ದರು, ಉಳಿದವರು ಹಿಂದಿನಿಂದ ಹೇಳುತ್ತಿದ್ದರು. ಮೆಲ್ಲಮೆಲ್ಲಗೆ ಶುರು ಮಾಡುವ ಕೆಲಸ ನನ್ನದಾಯಿತು. ಯಾರೂ ಮುಖ ನೋಡುತ್ತಿರಲಿಲ್ಲವಲ್ಲ, ಅದರಿಂದ ನನಗೆ ಧೈರ್ಯ. ಭಜನಾ ಮಂದಿರದಲ್ಲಿ ಎದುರು ಕುಳಿತು ಹಾಡು ಎಂದರೆ ಮಾತ್ರ ನನ್ನಿಂದ ಆಗುತ್ತಿರಲಿಲ್ಲ. ಅಲ್ಲಿ ನಾನು ಕಂಬದ ಮರೆಯಲ್ಲಿ ಕುಳಿತು ಹಿಂದಿನ ಸಾಲಿನವರೊಟ್ಟಿಗೆ ಹೇಳುತ್ತಿದ್ದೆ. ಈಗಲೂ ಹಾಗೆಯೇ.

ನಿಮ್ಮ ಅಜ್ಜ ಹೋದ ಮೇಲೆ ಆ ಮರೆ ಇನ್ನೂ ಸ್ವಲ್ಪ ದೊಡ್ಡದಾಯಿತು. ನಮ್ಮಲ್ಲಿ ಯಾರೂ ಬಾಯಿಬಿಟ್ಟು ಇಂಥದ್ದು ಬೇಡ ಎನ್ನುವುದಿಲ್ಲ. ಮದುವೆಗೆ ಕರೆಯುತ್ತಾರೆ, ಊಟಕ್ಕೆ ಕೂರಿಸುತ್ತಾರೆ. ಆದರೆ ಕಲಶ ಹಿಡಿಯುವಾಗ, ಆರತಿ ಎತ್ತುವಾಗ ಎಲ್ಲಿ ನಿಲ್ಲಬೇಕೆಂದು ನಮಗೇ ತಿಳಿದಿರುತ್ತದೆ. ಕಾಲುಗಳು ಹಿಂದೆ ಸರಿಯುತ್ತವೆ. ನನ್ನಂಥ ನಾಚಿಕೆಯವಳಿಗೆ ಅದು ಮೊದಮೊದಲು ಅನುಕೂಲವೇ ಆಗಿತ್ತು ಎಂದರೆ ನೀವು ನಂಬಲಿಕ್ಕಿಲ್ಲ.

ಇನ್ನು ಕಾರಿನ ವಿಷಯ.

ನಿಮ್ಮ ಅಪ್ಪನಿಗೆ ಹಾಡಿನ ಹುಚ್ಚು ಬಂದದ್ದು ನಿಮ್ಮ ಅಜ್ಜನಿಂದ. ಅಜ್ಜನ ರಿಕ್ಷಾದಲ್ಲಿ ಸೀಟಿನ ಹಿಂದೆ ಎರಡು ಸ್ಪೀಕರು, ಎದುರು ಒಂದು ಟೇಪು. ಸಂಜೆ ಟೇಪು ಜೋರು ಮಾಡಿದರೆ ಹೆಡ್‌ಲೈಟು ಮಂಕಾಗುತ್ತಿತ್ತು. ಆಗ ಹಿಂದೆ ಕುಳಿತ ನಮ್ಮನ್ನು ತಿರುಗಿ ನೋಡಿ, "ಹಾಡು ಬೇಕಾ, ದಾರಿ ಬೇಕಾ? ಎರಡಕ್ಕೂ ಬ್ಯಾಟರಿ ಒಂದೇ," ಎನ್ನುತ್ತಿದ್ದರು. ನಿಮ್ಮ ಅಪ್ಪ ಆಗ ಸಣ್ಣವನು, ಹಾಡೇ ಬೇಕು ಎಂದು ಕಿರುಚುತ್ತಿದ್ದ. ಅಜ್ಜ ದಾರಿಯನ್ನೇ ಆರಿಸುತ್ತಿದ್ದರು.

ನಿಮ್ಮ ಅಪ್ಪ ಸೀತಾಂಗೋಳಿಯ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿ ಆ ಹಳೆಯ ಕಾರು ತೆಗೆದುಕೊಂಡ ಮೇಲೆ ಮೊದಲು ಮಾಡಿಸಿದ್ದು ಟಯರು ಅಲ್ಲ, ಬ್ರೇಕೂ ಅಲ್ಲ, ಹಾಡು ಹಾಕುವ ಪಾಟಿನ ಸೆಟ್ಟು. ಡಿಕ್ಕಿಯಲ್ಲಿ ಅಕ್ಕಿ ಮುಡಿಯಷ್ಟು ದೊಡ್ಡ ಪೆಟ್ಟಿಗೆ ಬಂತು. ಅದರಿಂದ ಬರುವುದು ಹಾಡಲ್ಲ, ಗುಂ ಗುಂ ಎಂಬ ಪೆಟ್ಟು ಮಾತ್ರ. ಅದು ಹಾಗೆ ಬಡಿಯುವುದಕ್ಕೆ ಒಂದು ಆಂಪ್ಲಿಫೈಯರು, ಸೀಟಿನ ಅಡಿಯಲ್ಲಿ. ವಯರಿಂಗ್ ಮಾಡಿದ್ದು ಅವನ ಶಾಲೆಯ ದೋಸ್ತಿ. ಅವನು ಎರಡು ಭಾನುವಾರ ನಮ್ಮ ಅಂಗಳದಲ್ಲಿ ಕಾರಿನ ಹೊಟ್ಟೆ ಬಿಚ್ಚಿ ಹಾಕಿಕೊಂಡು ಕುಳಿತಿದ್ದ. ನಾನು ಚಾ ಕೊಟ್ಟು ಅಲ್ಲೇ ಬಾಗಿಲ ಬಳಿ ನಿಂತು ಕೇಳುತ್ತಿದ್ದೆ.

"ಇಷ್ಟೆಲ್ಲ ಹಾಕಿದ್ರೆ ಕರೆಂಟು ಸಾಕಾಗ್ತದಾ?" ಎಂದು ನಾನು ಒಮ್ಮೆ ಕೇಳಿದೆ. ನಮ್ಮಲ್ಲಿ ಪಕ್ಕದ ತೋಟದ ಪಂಪು ಚಾಲೂ ಆದರೆ ಅಡಿಗೆ ಕೋಣೆಯ ಟ್ಯೂಬ್‌ಲೈಟು ಹತ್ತುವುದಿಲ್ಲ. ಆ ಲೆಕ್ಕದಲ್ಲಿ ಕೇಳಿದ್ದು.

"ಅಮ್ಮ, ಇದು ಲೈನಿನ ಕರೆಂಟಲ್ಲ. ಗಾಡಿ ಓಡುವಾಗ ಇಂಜಿನು ಒಂದು ಆಲ್ಟರ್ನೇಟರನ್ನು ತಿರುಗಿಸ್ತದೆ. ಅದು ಕರೆಂಟು ಮಾಡ್ತದೆ, ಖರ್ಚು ಆದದ್ದನ್ನು ಬ್ಯಾಟರಿಗೆ ತುಂಬಿಸ್ತದೆ. ಓಡಿದಷ್ಟೂ ತುಂಬ್ತಾ ಇರ್ತದೆ," ಎಂದ ಅವನು.

"ಓಡದಿದ್ರೆ?"

"ಓಡದಿದ್ರೆ ಅದು ಕಾರಾ ಅಮ್ಮ, ಕೋಳಿಗೂಡು," ಎಂದು ಇಬ್ಬರೂ ನಕ್ಕರು. ನಾನೂ ನಕ್ಕೆ. ಅವರು ಕಾರನ್ನು ಕುಂಬಳೆಯ ಹೈವೇಗೆ ಕೊಂಡುಹೋಗಿ, ಎಲ್ಲ ಜೋರು ಮಾಡಿ, ಅತ್ತಿಂದಿತ್ತ ಓಡಿಸಿ ನೋಡಿದರು. ಟೇಪಿನ ಹತ್ತಿರ ಒಂದು ಸಣ್ಣ ಕೆಂಪು ಮೀಟರು ಕೂರಿಸಿದ್ದರು, ಬ್ಯಾಟರಿಯ ವೋಲ್ಟೇಜು ಅದರಲ್ಲಿ ಕಾಣುತ್ತದೆ. ಹೈವೇಯಲ್ಲಿ ಅದು ಹದಿಮೂರರಿಂದ ಕೆಳಗೆ ಇಳಿಯಲೇ ಇಲ್ಲವಂತೆ. ಮನೆಗೆ ಬಂದು ಇಬ್ಬರೂ ಯುದ್ಧ ಗೆದ್ದವರ ಹಾಗೆ ಮೀನು ಸಾರು ಉಂಡರು.

ಕುಣಿತ ಭಜನೆಯ ತಂಡ ಕಟ್ಟಿದ್ದು ನಿಮ್ಮ ಅಮ್ಮ. ಮಂದಿರದ ಅಂಗಳದಲ್ಲಿ ಆಸುಪಾಸಿನ ಹುಡುಗಿಯರನ್ನು ಸೇರಿಸಿ ಒಂದು ಬೇಸಿಗೆಯೆಲ್ಲ ಕಲಿಸಿದಳು. ದೇವಸ್ಥಾನದ ಬ್ರಹ್ಮಕಲಶದ ಉತ್ಸವಕ್ಕೆ ನಮ್ಮ ಕಡೆಯಿಂದ ಹೊರೆಕಾಣಿಕೆ ಹೋಗುವುದು, ಅದರ ಎದುರು ನಮ್ಮ ತಂಡ ಕುಣಿಯುವುದು ಎಂದು ನಿಶ್ಚಯವಾಯಿತು. ಮೊದಲ ಸಲ. ದೊಡ್ಡವಳು ಊಟ ಬಿಟ್ಟು ಹೆಜ್ಜೆ ಹಾಕುತ್ತಿದ್ದಳು, ನೆನಪುಂಟಾ? ಆದರೆ ಹಾಡುತ್ತಿದ್ದ ಹುಡುಗಿಗೆ ಮದುವೆಯಾಗಿ ಅವಳು ಪೈವಳಿಕೆಗೆ ಹೋದಳು. ಅವಳಿಗೆ ಆ ಸಮಯಕ್ಕೆ ಬರಲು ಆಗಲಿಲ್ಲ.

"ಮೊಬೈಲಿನಿಂದ ಪಾಟು ಹಾಕುವ," ಎಂದ ನಿಮ್ಮ ಅಪ್ಪ.

ಹಾಕಿ ನೋಡಿದರು. ಆಗಲಿಲ್ಲ. ಮೊಬೈಲಿನ ಹಾಡು ಯಾರಿಗೂ ಕಾಯುವುದಿಲ್ಲ. ಮೆರವಣಿಗೆ ಎಂದರೆ ಎದುರಿನ ಚೆಂಡೆಯವರು ನಿಂತರೆ ನಿಲ್ಲಬೇಕು, ಬಸ್ಸು ಬಂದರೆ ಬದಿಗೆ ಸರಿಯಬೇಕು. ಹಾಡುವವರು ಹುಡುಗಿಯರ ಕಾಲು ನೋಡಿಕೊಂಡು ಒಂದು ಸಾಲನ್ನು ಇನ್ನೆರಡು ಸಲ ಎಳೆಯಬೇಕು, ಇಲ್ಲವೇ ಬೇಗ ಮುಗಿಸಬೇಕು. ಹುಡುಗಿಯರು ಹಾಡಿಗೆ ಕುಣಿಯುತ್ತಾರೆ ಎಂದು ಜನ ತಿಳಿಯುತ್ತಾರೆ. ಹಾಡೂ ಅವರ ಕಾಲಿಗೆ ಕುಣಿಯಬೇಕಾಗುತ್ತದೆ.

ಒಂದು ಸಂಜೆ ನಾನು ಅಡಿಗೆ ಕೋಣೆಯಲ್ಲಿ ಬಸಳೆ ಕೊಯ್ಯುತ್ತ ಅದೇ ಹಾಡು ಹೇಳುತ್ತಿದ್ದೆ. ಅಂಗಳದಲ್ಲಿ ದೊಡ್ಡವಳು ಅದಕ್ಕೆ ಹೆಜ್ಜೆ ಹಾಕುತ್ತಿದ್ದಳು. ನಾನು ಕಿಟಕಿಯಿಂದ ನೋಡಿ ಅವಳಿಗೆ ತಕ್ಕ ಹಾಗೆ ಎಳೆಯುತ್ತಿದ್ದೆ. ನಿಮ್ಮ ಅಮ್ಮ ಬಂದು ಬಾಗಿಲಲ್ಲಿ ನಿಂತದ್ದು ನನಗೆ ತಿಳಿಯಲಿಲ್ಲ.

"ಅತ್ತೆ, ನೀವೇ ಹಾಡಿ," ಎಂದಳು.

"ಹುಚ್ಚಾ ನಿನಗೆ?"

"ಎಂತ ಹುಚ್ಚು? ಕಾರಿನ ಒಳಗೆ ಕೂತು ಹಾಡುದು. ಕಾರು ನಮ್ಮ ಹಿಂದಿನಿಂದ ಬರ್ತದೆ, ಗ್ಲಾಸಿಗೆ ಕಪ್ಪು ಪರದೆ ಹಾಕುವ. ನಿಮ್ಮನ್ನು ಯಾರು ನೋಡ್ತಾರೆ? ನಿಮಗೆ ಮಾತ್ರ ಎದುರಿನ ಗ್ಲಾಸಿನಲ್ಲಿ ಮಕ್ಕಳ ಕಾಲು ಕಾಣ್ತದೆ."

ನಾನು ಬೇಡ ಎಂದೆ. ರಾತ್ರಿ ಊಟದ ಹೊತ್ತಿಗೆ ನಿಮ್ಮ ಅಪ್ಪ ಸೇರಿಕೊಂಡ. ಗ್ಲಾಸು ಹೇಗೂ ಮುಚ್ಚಿಯೇ ಇರಬೇಕು, ತೆರೆದರೆ ಹೊರಗಿನ ಸ್ವರ ಮೈಕಿಗೆ ಹೊಕ್ಕು ಕುಂಯ್ ಎಂದು ಕೂಗುತ್ತದೆ ಎಂದ. ಎರಡು ಹೊರಗಿನ ಸ್ಪೀಕರು ಕಾರಿನ ಮೇಲೆ ಕಟ್ಟುವುದು, ಡಿಕ್ಕಿ ತೆರೆದು ಗುಂ ಪೆಟ್ಟಿಗೆ ಹಿಂದಕ್ಕೆ ಬಿಡುವುದು, ಎಲ್ಲ ಅವನ ತಲೆಯಲ್ಲಿ ಆಗಲೇ ತಯಾರಾಗಿತ್ತು. ಆಮೇಲೆ ದೊಡ್ಡವಳು ನನ್ನ ಮುಖ ನೋಡಿದಳು. ನಾನು ಒಪ್ಪಿಕೊಂಡೆ.

ಒಪ್ಪಿದ ಮೇಲೆ ನನಗೊಂದು ಆಸೆ ಹುಟ್ಟಿತು. ಬೀಡಿಯ ಜಗಲಿಯ ನಂತರ ನಾನು ಗಂಟಲು ತೆರೆದು ಹಾಡಿದ್ದಿಲ್ಲ. ಈಗ ಯಾರ ಕಣ್ಣಿಗೂ ಬೀಳದೆ, ಯಾರನ್ನೂ ಹಿಂದೆ ಮುಂದೆ ಮಾಡದೆ, ಊರೆಲ್ಲ ಕೇಳುವ ಹಾಗೆ ಹಾಡಬಹುದು. ಹುಡುಗಿಯರ ಕುಣಿತ ನಿಲ್ಲಬಾರದು, ನಾನು ಕಾಣಬಾರದು. ಇಷ್ಟೇ ನನಗೆ ಬೇಕಾಗಿದ್ದದ್ದು. ಎರಡೂ ಆ ಕಾರಿನ ಬ್ಯಾಟರಿಯ ಮೇಲೆ ನಿಂತಿದ್ದವು ಎಂದು ನನಗೂ ಹೊಳೆಯಲಿಲ್ಲ, ವಯರಿಂಗಿನವನಿಗೂ ಹೊಳೆಯಲಿಲ್ಲ.

ಮಾಯಿ ತಿಂಗಳು, ಬೇಸಿಗೆ ಹತ್ತುವ ಬಿಸಿಲು. ಬೆಳಿಗ್ಗೆ ಮಂದಿರದ ಎದುರು ತೆಂಗಿನಕಾಯಿ, ಅಕ್ಕಿ, ಬಾಳೆಗೊನೆ, ಕುಂಬಳಕಾಯಿ ತುಂಬಿದ ಗಾಡಿಗಳು ಸಾಲಾಗಿ ನಿಂತಿದ್ದವು. ಎಲ್ಲಕ್ಕೂ ಮುಂದೆ ಚೆಂಡೆಯವರು, ಆಮೇಲೆ ಕಲಶ ಹಿಡಿದ ಮುತ್ತೈದೆಯರು, ಅವರ ಹಿಂದೆ ಕುಣಿಯುವ ಹುಡುಗಿಯರು, ಆಮೇಲೆ ನಮ್ಮ ಕಾರು, ಅದರ ಹಿಂದೆ ಉಳಿದ ಗಾಡಿಗಳು. ಕಾರಿನ ಮೇಲೆ ದೇವರ ಪಟ, ಪಟದ ಸುತ್ತ ಮಿಣಿಮಿಣಿ ಲೈಟಿನ ಮಾಲೆ. ಹಗಲಿನಲ್ಲಿ ಲೈಟು ಯಾಕೆ ಎಂದು ಕೇಳಿದೆ. "ಚಂದಕ್ಕೆ ಅಮ್ಮ," ಎಂದ ನಿಮ್ಮ ಅಪ್ಪ.

ನಾನು ಹಿಂದಿನ ಸೀಟಿನ ನಡುವೆ ಕುಳಿತೆ. ಎರಡೂ ಬದಿಗೆ ಕಪ್ಪು ಪರದೆ. ತಣ್ಣಗಿನ ಗಾಳಿ ಬರುತ್ತಿತ್ತು. ಮೈಕು ಹಿಡಿದೆ. ಕಣ್ಣು ಮುಚ್ಚಿ ಗೆರಸೆಯನ್ನು ನೆನೆದುಕೊಂಡೆ. ಮೊದಲ ಸಾಲು ಹೇಳಿದೆ. ಹೊರಗಿನಿಂದ ನನ್ನ ಸ್ವರ ಬೇರೆ ಯಾರದೋ ಎಂಬಂತೆ ಗೋಡೆ ಬೇಲಿಗಳಿಗೆಲ್ಲ ತಾಗಿ ಬಂತು. ಹುಡುಗಿಯರು ಒಟ್ಟಿಗೆ ಕಾಲೆತ್ತಿದರು. ಕಾಲಿನ ಗೆಜ್ಜೆ, ಕೈಯ ತಾಳ. ನನಗೆ ಆ ಕ್ಷಣ ಎಷ್ಟು ಸುಖವಾಯಿತೆಂದರೆ, ಮುಂದೆ ಆದದ್ದಕ್ಕೆಲ್ಲ ನಾನು ಯಾರ ಮೇಲೂ ಸಿಟ್ಟು ಮಾಡಿಕೊಳ್ಳಲಿಲ್ಲ.

ಕುಣಿತ ಭಜನೆಯ ನಡಿಗೆ ನಿಮಗೆ ಗೊತ್ತುಂಟಲ್ಲ. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ, ಮತ್ತೆ ಒಂದು ಸುತ್ತು. ಅದರ ಹಿಂದೆ ಕಾರು ಓಡುವುದಿಲ್ಲ, ತೆವಳುತ್ತದೆ. ನಿಮ್ಮ ಅಪ್ಪ ಕ್ಲಚ್ಚಿನ ಮೇಲೆಯೇ ಕಾಲಿಟ್ಟು ಕುಳಿತಿದ್ದ. ಇಂಜಿನು ನಿದ್ದೆಯಲ್ಲಿ ಉಸಿರಾಡುವವರ ಹಾಗೆ ಮೆಲ್ಲಗೆ ತಿರುಗುತ್ತಿತ್ತು. ಗುಡ್ಡದ ಮೇಲಿನ ಬಯಲು, ಆ ಪದವು ಹತ್ತುವ ದಾರಿಗೆ ಬರುವಾಗ ನನ್ನ ಸ್ವರ ನಡುನಡುವೆ ಒಳಕ್ಕೆ ಎಳೆದುಕೊಂಡಂತೆ ಆಗತೊಡಗಿತು. ಮೊದಲು ನನ್ನ ಗಂಟಲೇ ಎಂದುಕೊಂಡೆ. ಆಮೇಲೆ ಗಮನಿಸಿದೆ, ಪೆಟ್ಟಿಗೆ ಗುಂ ಎಂದಾಗಲೆಲ್ಲ ಹಾಡು ತಗ್ಗುತ್ತದೆ. ಕೆಂಪು ಮೀಟರು ನೋಡಿದೆ. ಹನ್ನೆರಡರ ಕೆಳಗೆ ಬಂದಿತ್ತು. ನಿಮ್ಮ ಅಜ್ಜನಿಗೆ ಶುಗರು ನೋಡುವ ಮೆಷಿನು ಹಿಡಿದು ನಂಬರು ಕಾಯುತ್ತಿದ್ದದ್ದು ನೆನಪಾಯಿತು.

ಹಾಡಿನ ನಡುವೆ ಹುಡುಗಿಯರು ತಿರುಗಿ ಹೇಳುವ ಸಾಲು ಬಂದಾಗ ಮೈಕು ಕೆಳಗಿಟ್ಟು ಹೇಳಿದೆ, "ಮಗಾ, ಆ ಗುಂ ಸ್ವಲ್ಪ ಕಮ್ಮಿ ಮಾಡು."

"ಅದು ಕಮ್ಮಿ ಮಾಡಿದ್ರೆ ಎದೆಗೆ ಬಡಿಯುದಿಲ್ಲ ಅಮ್ಮ."

"ನನ್ನ ಎದೆಗೆ ಬೇಕಾದಷ್ಟು ಬಡಿಯುತ್ತಾ ಉಂಟು. ನಂಬರು ನೋಡು."

ಅವನು ನೋಡಿದ. ಮುಖ ಸಣ್ಣದಾಯಿತು. ಹೈವೇಯಲ್ಲಿ ಇಂಜಿನು ಜೋರಾಗಿ ತಿರುಗುವಾಗ ಬೇಕಾದಷ್ಟು ಕರೆಂಟು ಆಗುತ್ತಿತ್ತು. ಈ ನಡಿಗೆಯಲ್ಲಿ ಅದು ಮಾಡುವುದು ಸ್ವಲ್ಪ, ನಾವು ತಿನ್ನುವುದು ತುಂಬ. ಉಳಿದದ್ದೆಲ್ಲ ಬ್ಯಾಟರಿಯ ಹೊಟ್ಟೆಯಿಂದ ಹೋಗುತ್ತಿತ್ತು. ಕುಣಿತದ ನಡಿಗೆಯಲ್ಲಿ ಕಾರು ಬಿಟ್ಟು ಯಾರೂ ನೋಡಿರಲಿಲ್ಲ. ಯಾರು ನೋಡುತ್ತಾರೆ?

ಅವನು ಗುಂ ಕಮ್ಮಿ ಮಾಡಿದ. ನಾನು ಕೈ ಮುಂದೆ ಚಾಚಿ ಫ್ಯಾನಿನ ಸ್ವಿಚ್ಚು ತಿರುಗಿಸಿದೆ. ತಣ್ಣಗಿನ ಗಾಳಿ ನಿಂತಿತು. ಮೀಟರು ಒಂದಿಷ್ಟು ಮೇಲೆ ಹತ್ತಿತು. ಸ್ವರ ಮತ್ತೆ ತುಂಬಿ ಬಂತು.

"ಅಮ್ಮ, ಸೆಕೆಯಲ್ಲಿ ನಿಮಗೆ ಕೂಡುದಿಲ್ಲ."

"ಕೂಡ್ತದೆ. ನೀನು ದಾರಿ ನೋಡು."

ಮುಚ್ಚಿದ ಗ್ಲಾಸು, ಕಪ್ಪು ಪರದೆ, ಮಧ್ಯಾಹ್ನದ ಬಿಸಿಲು, ಒಂದು ಮರದ ನೆರಳೂ ಇಲ್ಲದ ಕೆಂಪು ಕಲ್ಲಿನ ಪದವು. ಭತ್ತ ಬೇಯಿಸುವ ಹಂಡೆಯೊಳಗೆ ಕುಳಿತಂತೆ ಆಯಿತು. ಬೆವರು ಕಣ್ಣಿಗೆ ಇಳಿದು ಹುಡುಗಿಯರ ಕಾಲು ನೀರಲ್ಲಿ ಅಲುಗಾಡಿದಂತೆ ಕಾಣುತ್ತಿತ್ತು. ಆದರೂ ಗ್ಲಾಸು ಇಳಿಸು ಎನ್ನಲಿಲ್ಲ. ಇಳಿಸಿದರೆ ಮೈಕು ಕೂಗುತ್ತದೆ, ಅದು ಒಂದು. ನಾನು ಕಾಣುತ್ತೇನೆ, ಅದು ಇನ್ನೊಂದು. ಯಾವುದು ಹೆಚ್ಚು ಎಂದು ಈಗ ಕೇಳಬೇಡಿ.

ಪದವಿನ ಮೇಲೆ ಒಂದು ಕಡೆ ಮಜ್ಜಿಗೆ, ಶರಬತ್ತು ಕೊಡುತ್ತಿದ್ದರು. ಮೆರವಣಿಗೆ ನಿಂತಿತು. ಹುಡುಗಿಯರು ಬೆವರೊರೆಸಿಕೊಂಡು ನಿಂತಲ್ಲೇ ತಾಳ ಹಾಕುತ್ತಿದ್ದರು, ನಾನು ನಿಧಾನದ ಹಾಡು ಹಿಡಿದೆ. ತೆವಳಿ ತೆವಳಿ ಇಂಜಿನು ಕಾದಿತ್ತು. ಸ್ವಲ್ಪ ತಣಿಯಲಿ ಎಂದು ನಿಮ್ಮ ಅಪ್ಪ ಇಂಜಿನು ನಿಲ್ಲಿಸಿದ, ಪಾಟು ಮಾತ್ರ ಚಾಲೂ ಇಟ್ಟ. ನನಗೂ ಅದು ಸರಿ ಅನಿಸಿತು. ಓಡದಿದ್ದರೆ ಕೋಳಿಗೂಡು ಎಂಬ ಮಾತು ಆಗ ಇಬ್ಬರ ನೆನಪಿಗೂ ಬರಲಿಲ್ಲ.

ಚೆಂಡೆ ಮತ್ತೆ ಶುರುವಾಯಿತು. ಅವನು ಕೀ ತಿರುಗಿಸಿದ. ಟಕ್ ಎಂದಿತು. ಮತ್ತೆ ತಿರುಗಿಸಿದ. ಟಕ್. ಮೀಟರಿನ ಕೆಂಪು ಒಮ್ಮೆ ಮಿಣುಕಿ ಕಾಣೆಯಾಯಿತು. ನನ್ನ ಹಾಡು ಒಂದು ಅಕ್ಷರದ ನಡುವೆ ಕಡಿದುಹೋಯಿತು.

ನಾನು ಹಾಡುತ್ತಲೇ ಇದ್ದೆ. ಬಾಯಿ ನಿಲ್ಲಲಿಲ್ಲ. ಎದುರಿನ ಗ್ಲಾಸಿನಲ್ಲಿ ಹುಡುಗಿಯರೆಲ್ಲ ಒಟ್ಟಿಗೆ ತಿರುಗಿ ಕಾರನ್ನು ನೋಡಿದರು. ದೊಡ್ಡವಳ ಕಾಲು ಇನ್ನೂ ಅರ್ಧ ಎತ್ತಿದ ಹಾಗೆಯೇ ಇತ್ತು. ಅವಳಿಗೆ ನನ್ನ ಬಾಯಿ ಅಲುಗಾಡುವುದು ಕಂಡಿರಬೇಕು, ಸ್ವರ ಕೇಳಿರಲಿಕ್ಕಿಲ್ಲ. ನಿಮ್ಮ ಅಪ್ಪ ಇಳಿದು ಬೊನೆಟ್ಟು ತೆಗೆದ, ಈಗ ಅದೂ ಕಾಣದಾಯಿತು. ಗ್ಲಾಸು ಇಳಿಸುವ ಬಟನು ಒತ್ತಿದೆ. ಅದಕ್ಕೂ ಅದೇ ಬ್ಯಾಟರಿ.

ಹೊರಗೆ ಮಾತುಗಳು ಕೇಳಿಸತೊಡಗಿದವು.

"ಎಂತ ಆಯ್ತು ಮಾರಾಯ?"

"ಬ್ಯಾಟರಿ ಡೌನು."

"ಇಷ್ಟು ದೊಡ್ಡ ಸೆಟ್ಟು ಹಾಕಿ ಬ್ಯಾಟರಿ ಟಾರ್ಚಿನದ್ದಾ?"

"ದೂಡುವ, ದೂಡುವ. ಒಳಗೆ ಯಾರುಂಟು? ಇಳಿಯಲಿಕ್ಕೆ ಹೇಳಿ."

ಏರು ದಾರಿ. ದೂಡಿ ಸ್ಟಾರ್ಟ್ ಮಾಡುವುದಕ್ಕೆ ಆಗುವ ಜಾಗ ಅಲ್ಲ. ಬೇರೆ ಗಾಡಿಯ ಬ್ಯಾಟರಿಯಿಂದ ಎಳೆಯುವ ಕೇಬಲು ಯಾರಲ್ಲೂ ಇರಲಿಲ್ಲ. ಸೀತಾಂಗೋಳಿಯಿಂದ ತರಲು ಒಬ್ಬನು ಬೈಕಿನಲ್ಲಿ ಹೋದ. ಚೆಂಡೆಯವರಿಗೆ ಇದು ಯಾವುದೂ ತಿಳಿಯದೆ ಅವರು ಮುಂದೆ ನಡೆಯುತ್ತಿದ್ದರು. ನಿಮ್ಮ ಅಮ್ಮ ಹುಡುಗಿಯರಿಗೆ ಕೈ ತಟ್ಟಿ ತಾಳ ಹೇಳುತ್ತಿದ್ದಳು, ಬರಿಯ ತಾಳಕ್ಕೆ ಹೆಜ್ಜೆ ಕೂಡುತ್ತಿರಲಿಲ್ಲ. ಒಬ್ಬಳು ಅಳುವುದಕ್ಕೇ ಶುರು ಮಾಡಿದಳು.

ನಾನು ಬಾಗಿಲು ತೆರೆದೆ. ಪೂರ್ತಿ ಅಲ್ಲ, ಒಂದು ಗೇಣಿನಷ್ಟು. ಸೀಟಿನಿಂದ ಏಳದೆ, ಆ ಸಂದಿಗೆ ಬಾಯಿ ಕೊಟ್ಟು, ನಿಂತ ಸಾಲಿನಿಂದಲೇ ಹಾಡು ಎತ್ತಿದೆ. ಹತ್ತಿರದ ಸಾಲಿನ ಹುಡುಗಿಯರಿಗೆ ಕೇಳಿತು, ಅವರ ಕಾಲು ಎದ್ದಿತು. ಅವರಿಗಿಂತ ಮುಂದಿನ ಸಾಲಿಗೆ ಏನೂ ಕೇಳಲಿಲ್ಲ. ನಿಮ್ಮ ಅಮ್ಮ ಓಡಿ ಬಂದಳು.

"ಅತ್ತೆ, ಬಾಗಿಲ ಸಂದಿಯಿಂದ ಎಷ್ಟು ದೂರ ಹೋಗ್ತದೆ? ಇಳಿಯಿರಿ."

"ಆಗುದಿಲ್ಲ ಮಗಳೇ."

"ನೀವು ಇಳಿಯದಿದ್ರೆ ನಾವು ಇಲ್ಲಿಗೇ ಬಂದ್ ಮಾಡುದು." ಅವಳು ಸಿಟ್ಟಿನಿಂದ ಹೇಳಿದ್ದಲ್ಲ. ಅವಳಿಗೂ ಸಾಕಾಗಿತ್ತು.

ನಾನು ಇಳಿದೆ. ಕಾಲು ಜೋಮು ಹಿಡಿದಿತ್ತು, ಸೀರೆ ಬೆನ್ನಿಗೆ ಅಂಟಿತ್ತು. ಬೆಳಕಿಗೆ ಕಣ್ಣು ಬಿಡಲಾಗಲಿಲ್ಲ, ಅದು ಒಳ್ಳೆಯದೇ ಆಯಿತು. ಯಾರು ನೋಡುತ್ತಿದ್ದಾರೆಂದು ಕಾಣಲಿಲ್ಲ. ನಿಮ್ಮ ಅಮ್ಮ ಕೈ ಹಿಡಿದು ಹುಡುಗಿಯರ ಮುಂದೆ, ಎಲ್ಲರಿಗೂ ಕೇಳುವಲ್ಲಿ ತಂದು ನಿಲ್ಲಿಸಿದಳು. ನಾನು ತಲೆ ತಗ್ಗಿಸಿ ಹಾಡಿದೆ. ಕುಣಿತ ಕೂಡಿಕೊಂಡಿತು. ಪಿಕಪ್ಪಿನ ಮೇಲಿಂದ "ಅದು ನಮ್ಮ ಅಜ್ಜಿ!" ಎಂದು ಚಿಕ್ಕವನು ಕಿರುಚಿದ್ದು ಇಡೀ ಪದವಿಗೆ ಕೇಳಿತು. ಅಷ್ಟು ಹೊತ್ತು ಮುಚ್ಚಿಟ್ಟ ಗುಟ್ಟು ಹಾಗೆ ಹೋಯಿತು.

ನಾವು ಮುಂದೆ ಹೋಗಿ ಕಲಶದ ಸಾಲಿನ ಹತ್ತಿರ ಬಂದೆವು. ಕಲಶ ಹಿಡಿದವರಲ್ಲಿ ಕೊನೆಯವಳು ನಮ್ಮ ಪಕ್ಕದ ಮನೆಯವಳು. ಮೂವತ್ತು ವರ್ಷದಿಂದ ನಮ್ಮ ಬೇಲಿಯ ಮೇಲಿಂದ ಹುಳಿ, ಉಪ್ಪು, ಸುದ್ದಿ ಎಲ್ಲ ಹೋಗಿ ಬಂದಿದೆ. ಅವಳು ತಿರುಗಿ ನೋಡಿದಳು. ನಡೆಯುತ್ತಲೇ ಒಂದು ಹೆಜ್ಜೆ ಹಿಂದೆ ಬಂದು ಮೆಲ್ಲಗೆ ಹೇಳಿದಳು.

"ಅಕ್ಕ, ಬೇಜಾರು ಮಾಡಬೇಡಿ. ಕಲಶ ಉಂಟಲ್ವಾ. ಸ್ವಲ್ಪ ಹಿಂದೆ ನಿಂತು ಹಾಡ್ತೀರಾ? ನಾಳೆ ಯಾರಾದ್ರೂ ಎಂತಾದ್ರೂ ಹೇಳುದು ಬೇಡ."

ನಿಮ್ಮ ಅಮ್ಮ ಬಾಯಿ ತೆರೆದಳು. ನಾನು ಬೇಡ ಎಂದು ಅವಳ ಕೈ ಒತ್ತಿದೆ. ಜಗಳಕ್ಕೆ ಬೇಕಾದ ಉಸಿರು ನನ್ನಲ್ಲಿ ಇರಲಿಲ್ಲ. ಇದ್ದ ಉಸಿರು ಹಾಡಿಗೆ ಬೇಕಿತ್ತು. ನಾನು ಬದಿಗೆ ಸರಿದೆ. ಹುಡುಗಿಯರು ದಾಟಿ ಹೋಗುವ ತನಕ ನಿಂತು, ಅವರ ಬೆನ್ನ ಹಿಂದೆ ಸೇರಿಕೊಂಡು ಹಾಡತೊಡಗಿದೆ.

ಮುಂದೆ ಆದದ್ದನ್ನು ಯಾರೂ ಹೇಳಿ ಮಾಡಿಸಿದ್ದಲ್ಲ. ಮುಂದಿನ ಸಾಲಿನ ಹುಡುಗಿಯರಿಗೆ ನನ್ನ ಸ್ವರ ಸರಿಯಾಗಿ ಕೇಳುತ್ತಿರಲಿಲ್ಲ. ಮುಂದಿನಿಂದ ಚೆಂಡೆ, ಹಿಂದಿನಿಂದ ಮುದುಕಿಯ ಬರಿಯ ಗಂಟಲು. ಅವರು ಕೇಳಿಸಿಕೊಳ್ಳಲು ಹಿಂದೆ ಇಡುವ ಹೆಜ್ಜೆಯನ್ನು ಸ್ವಲ್ಪ ಉದ್ದ ಇಟ್ಟರು, ಮುಂದೆ ಇಡುವುದನ್ನು ಸ್ವಲ್ಪ ಗಿಡ್ಡ. ಸುತ್ತು ಬರುವಾಗ ನನ್ನ ಕಡೆಗೆ ಮುಖ ಮಾಡಿ ಒಂದು ಗಳಿಗೆ ಹೆಚ್ಚು ನಿಂತರು. ದೊಡ್ಡವಳೂ ಹಾಗೆಯೇ ಮಾಡಿದಳು, ಅವಳಿಗೆ ಅದು ತಿಳಿದಿತ್ತೋ ಇಲ್ಲವೋ. ಕಲಶದವರು ಅದೇ ನಡಿಗೆಯಲ್ಲಿ ಮುಂದೆ ಹೋದರು. ನಮಗೂ ಅವರಿಗೂ ನಡುವೆ ದಾರಿ ಕಾಣತೊಡಗಿತು. ಮೊದಲು ಒಂದು ಕಾರಿನಷ್ಟು, ಆಮೇಲೆ ಒಂದು ಬಸ್ಸಿನಷ್ಟು. ತಿರುವು ಬಂದಾಗ ಕಲಶದ ಕೆಂಪು ಸೀರೆಗಳು ಕಾಣದಾದವು. ಬರಿಯ ಡಾಮರು, ಅದರ ಮೇಲೆ ಅಲುಗಾಡುವ ಬಿಸಿಲು.

ನಿಂತ ಕಾರನ್ನು ದಾಟಿ ಬಂದ ಪಿಕಪ್ಪಿನವರು ಹಿಂದಿನಿಂದ ಹಾರ್ನು ಹಾಕಿದರು. "ಬೇಗ ಬೇಗ ಹೋಗಿ ಅಕ್ಕಾ, ಬಾಳೆಗೊನೆ ಹಣ್ಣಾಗ್ತದೆ," ಎಂದು ಒಬ್ಬ ಕೂಗಿದ. ಹುಡುಗಿಯರು ನಕ್ಕರು, ಆದರೆ ಬೇಗ ಹೋಗಲಿಲ್ಲ. ನಾನು ಹೋಗಿ ಎಂದು ಕೈ ಮಾಡಿದೆ. ಆಗಲೂ ಹೋಗಲಿಲ್ಲ.

ಅಲ್ಲಿಂದ ದೇವಸ್ಥಾನದ ತನಕ ಹಾಡಿದೆ. ಗಂಟಲು ಒಡೆದು, ಆಮೇಲೆ ಉಸಿರು ಮಾತ್ರ ಉಳಿಯಿತು. ಕೊನೆಗೆ ಹಾಡಿನ ಬದಲು ಹೆಜ್ಜೆಯ ಲೆಕ್ಕವನ್ನೇ ರಾಗದಲ್ಲಿ ಹೇಳುತ್ತಿದ್ದೆ ಎಂದು ನಿಮ್ಮ ಅಮ್ಮ ಈಗಲೂ ನಗುತ್ತಾಳೆ. ಇರಬಹುದು.

ದ್ವಾರದ ಹತ್ತಿರ ಬರುವಾಗ ಕಲಶದವರೆಲ್ಲ ಬಿಸಿಲಲ್ಲಿ ನಿಂತಿದ್ದರು. ಒಳಗೆ ಹೋಗಿರಲಿಲ್ಲ. ಭಜನೆಯವರು ಬಾರದೆ ಹೊರೆಕಾಣಿಕೆ ಒಳಗೆ ಬರುವುದು ಸರಿಯಲ್ಲ, ಅವರು ಬರಲಿ ಎಂದು ದೇವಸ್ಥಾನದವರು ನಿಲ್ಲಿಸಿದ್ದರಂತೆ. ಚೆಂಡೆಯವರು ಚೆಂಡೆ ಕೆಳಗಿಟ್ಟು ಗೋಡೆಯ ನೆರಳಲ್ಲಿ ಕುಳಿತಿದ್ದರು. ಕಲಶವನ್ನು ಕೆಳಗಿಡುವ ಹಾಗಿಲ್ಲವಲ್ಲ. ಪಕ್ಕದ ಮನೆಯವಳ ಕೈ ನಡುಗುತ್ತಿತ್ತು, ಮುಖದ ಕುಂಕುಮ ಬೆವರಿಗೆ ಇಳಿದು ಮೂಗಿಗೆ ಬಂದಿತ್ತು.

"ಕೈ ಬಿದ್ದು ಹೋಯ್ತು ಅಕ್ಕ. ಎಷ್ಟು ಹೊತ್ತು!" ಎಂದಳು.

"ನನ್ನ ಸ್ವರ ಬಿದ್ದು ಹೋಯ್ತು," ಎಂದೆ. ಎಂದೆನೆಂದು ಅಂದುಕೊಂಡೆ, ಗಾಳಿ ಮಾತ್ರ ಬಂತು. ಅವಳಿಗೆ ಅರ್ಥವಾಯಿತು. ನಾನು ಸೆರಗಿನಿಂದ ಅವಳ ಮೂಗಿನ ಮೇಲಿನ ಕುಂಕುಮ ಒರೆಸಿದೆ. ಕಲಶ ಹಿಡಿದವಳನ್ನು ಮುಟ್ಟಬಾರದಿತ್ತೋ ಏನೋ. ಅವಳು ಮುಖ ಹಿಂದೆ ತೆಗೆಯಲಿಲ್ಲ. ಸುತ್ತ ಇದ್ದವರು ಯಾರೂ ಏನೂ ಹೇಳಲಿಲ್ಲ. ಹೇಳುವಷ್ಟು ತ್ರಾಣ ಅಲ್ಲಿ ಯಾರಿಗೂ ಇರಲಿಲ್ಲ.

ಚೆಂಡೆಯವರು ಎದ್ದರು. ಎಲ್ಲರೂ ಒಳಗೆ ಹೋದೆವು, ಯಾರ ಹಿಂದೆ ಯಾರು ಎಂದು ನನಗೆ ನೆನಪಿಲ್ಲ. ನಾನು ಸುತ್ತು ಪೌಳಿಯ ಕಲ್ಲಿನ ಮೇಲೆ ಬೆನ್ನು ಒರಗಿಸಿ ಕುಳಿತದ್ದು, ದೊಡ್ಡವಳು ಗೆಜ್ಜೆಕಾಲಲ್ಲೇ ಓಡಿ ಎರಡು ಲೋಟ ನೀರು ತಂದದ್ದು, ಒಂದನ್ನು ನಾನು ಕುಡಿದು ಇನ್ನೊಂದನ್ನು ತಲೆಗೆ ಹಾಕಿಕೊಂಡದ್ದು ಮಾತ್ರ ನೆನಪುಂಟು. ಕಾರು ಊಟದ ಹೊತ್ತಿಗೆ ಬಂತು. ಡಿಕ್ಕಿಯಲ್ಲಿ ಪೆಟ್ಟಿಗೆ ಗುಂ ಗುಂ ಎನ್ನುತ್ತಿತ್ತು. ನಿಮ್ಮ ಅಪ್ಪನ ಮುಖ ನೋಡಿ ಯಾರೂ ಬೈಯಲಿಲ್ಲ. ವಯರಿಂಗಿನ ದೋಸ್ತಿ ಮಾತ್ರ ನನ್ನ ಎದುರು ಬಂದು ತಲೆ ಕೆರೆದುಕೊಂಡು ನಿಂತ.

"ಅಮ್ಮ, ಹೈವೇಯಲ್ಲಿ ಸರಿ ಇತ್ತು."

"ಮುಂದಿನ ಸಲ ಮೆರವಣಿಗೆಯನ್ನು ಹೈವೇಯಲ್ಲೇ ಓಡಿಸುವ," ಎಂದಳು ನಿಮ್ಮ ಅಮ್ಮ.

ಆಮೇಲೆ ಅವರು ಡಿಕ್ಕಿಯಲ್ಲಿ ಇನ್ನೊಂದು ಬ್ಯಾಟರಿ ಕೂರಿಸಿದರು, ಬೆರಳಿನಷ್ಟು ದಪ್ಪದ ಕೇಬಲು ಎಳೆದರು, ಆಲ್ಟರ್ನೇಟರನ್ನೂ ದೊಡ್ಡದು ಮಾಡಿದರು. ಅಂಗಳದಲ್ಲಿ ಕಾರು ನಿಲ್ಲಿಸಿ, ಇಂಜಿನು ಮೆಲ್ಲಗೆ ಬಿಟ್ಟು, ಎಲ್ಲ ಹಾಕಿ ಮೀಟರು ನೋಡಿದರು. ಇಳಿಯಲಿಲ್ಲ. ನಿಮ್ಮ ಅಪ್ಪ ಪರದೆಗೂ ಹೊಸ ಬಟ್ಟೆ ತಂದಿದ್ದ. ನೆಕ್ರಾಜೆಯ ಕಡೆಯಿಂದ ತಂಡಕ್ಕೆ ಕರೆ ಬಂದಿತ್ತು.

"ಈಗ ಎಷ್ಟು ನಿಧಾನ ಹೋದ್ರೂ ಭಯ ಇಲ್ಲ ಅಮ್ಮ. ಫ್ಯಾನೂ ಹಾಕಿ ಕೂತ್ಕೊಳ್ಳಿ. ಯಾರಿಗೂ ಕಾಣುದಿಲ್ಲ."

ಪರದೆಯ ಬಟ್ಟೆ ಚಂದ ಉಂಟು, ದಪ್ಪ ಉಂಟು. ಅದನ್ನು ನಾನು ಮಿಕ್ಸಿಗೆ ಮುಚ್ಚಿದ್ದೇನೆ, ನೀವು ದಿನಾ ನೋಡುತ್ತೀರಿ. ಹಿಂದಿನ ಸೀಟಿನಿಂದ ಹುಡುಗಿಯರ ಕಾಲು ಸರಿಯಾಗಿ ಕಾಣುವುದಿಲ್ಲ ಎಂದು ಹೇಳಿ ನೆಕ್ರಾಜೆಗೆ ಎದುರಿನ ಸೀಟಿನಲ್ಲಿ ಕುಳಿತು ಹೋದೆ. ಅದು ಸುಳ್ಳಲ್ಲ. ಎದುರಿನ ಗ್ಲಾಸಿಗೆ ಪರದೆ ಇಲ್ಲ. ಜನ ನೋಡಿದರು. ನನಗೆ ನಾಚಿಕೆ ಹೋಗಿಲ್ಲ, ಈ ವಯಸ್ಸಿನಲ್ಲಿ ಇನ್ನು ಹೋಗುವುದೂ ಇಲ್ಲ. ತಲೆ ತಗ್ಗಿಸಿ, ಕಾಲುಗಳನ್ನು ಮಾತ್ರ ನೋಡಿ ಹಾಡಿದೆ. ಬ್ಯಾಟರಿ ಎಲ್ಲಿಯೂ ಕೈ ಕೊಡಲಿಲ್ಲ. ಅಂದು ಪದವಿನಲ್ಲಿ ಹೋದ ಸ್ವರ ಮಾತ್ರ ಪೂರ್ತಿ ಹಿಂದೆ ಬಂದಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ಅದೂ ಟಕ್ ಎನ್ನುತ್ತದೆ. ಆಗ ಹುಡುಗಿಯರ ಹಿಂದಿನ ಸಾಲು ಎತ್ತಿಕೊಳ್ಳುತ್ತದೆ. ಹೆಚ್ಚಾಗಿ ದೊಡ್ಡವಳೇ.

ಪಕ್ಕದ ಮನೆಯವಳು ನಿನ್ನೆಯೂ ಬಂದು ಕಾಫಿ ಕುಡಿದು ಹೋದಳು. ಗ್ಯಾಸಿನ ವಿಷಯ, ಮೊಣಗಂಟಿನ ವಿಷಯ ಮಾತಾಡಿದೆವು. ಆ ದಿನದ ವಿಷಯ ನಾವಿಬ್ಬರೂ ಎತ್ತುವುದಿಲ್ಲ.

ಫ್ಯಾನು ಹಾಕಿದರೂ ಈಗ ಏನೂ ಆಗುವುದಿಲ್ಲ, ನನಗೆ ಗೊತ್ತುಂಟು. ಆದರೂ ಹಾಡಿನ ಮೊದಲ ಸಾಲು ಹೊರಡುವ ತನಕ ನಿಲ್ಲಿಸಿಡುತ್ತೇನೆ. ಆಮೇಲೆ ನೀವು ಹಾಕಿ. ನನಗೂ ಸೆಕೆಯಾಗುತ್ತದೆ.